ಚಿತ್ರಕಾರರ ಹೆಸರೂ ಮುಖಪುಟದಲ್ಲಿರಲಿ

ಬೇತಾಳನನ್ನು ಹೆಗಲಿಗೇರಿಸಿದ ವಿಕ್ರಮನ ಚಿತ್ರ ನಮ್ಮ ಹೆತ್ತವರಿಗೆ ಇಂದಿಗೂ ನೆನಪಿದೆ. ಅದನ್ನು ಬರೆದ ಶಂಕರ್ ಎಷ್ಟು ಜನರಿಗೆ ಗೊತ್ತು? 1949ರಲ್ಲಿ ಕನ್ನಡಕ್ಕೆ ಬಂದ ‘ಚಂದಮಾಮ’ಕ್ಕೆ ಮಹಾಭಾರತದ ಚಿತ್ರಗಳನ್ನು ರಚಿಸಿದ ಎಂ.ಟಿ.ವಿ. ಆಚಾರ್ಯ ನಮ್ಮ ಕನ್ನಡಿಗರೇ. ಮುಂದೆ ಅವರು ಅಂಚೆ ಮೂಲಕವೇ ಚಿತ್ರಕಲೆ ಕಲಿಸಿದರು.

ಅಕ್ಷರ ಬಾರದ ಮಗು ಮೊದಲು ಓದುವುದು ಚಿತ್ರವನ್ನೇ. ಆದರೂ ಎಷ್ಟೋ ಪುಸ್ತಕಗಳಲ್ಲಿ ಚಿತ್ರಕಾರರ ಹೆಸರು ಒಳಪುಟದ ಸಣ್ಣಕ್ಷರಕ್ಕೆ ಸೀಮಿತ. ಈಗ ಎಐ ಕ್ಷಣದಲ್ಲಿ ಚಿತ್ರ ಕೊಡುತ್ತದೆ, ನಿಜ. ಆದರೆ ಹೊಳೆನರಸೀಪುರದ ಹೇಮಾವತಿ ದಂಡೆ, ಅರಕಲಗೂಡಿನ ಹೊಗೆಸೊಪ್ಪಿನ ಬ್ಯಾರನ್, ಚನ್ನರಾಯಪಟ್ಟಣದ ತೆಂಗಿನ ತೋಟ ನೋಡಿ ಬೆಳೆದ ಕೈಯೇ ನಮ್ಮ ಮಕ್ಕಳಿಗೆ ಅವರೂರನ್ನು ತೋರಿಸಬಲ್ಲದು.

ಪ್ರಕಾಶಕರು ಮುಖಪುಟದಲ್ಲಿ ಹೆಸರು, ಕೈಗೆ ತಕ್ಕ ಸಂಭಾವನೆ ಕೊಡಲಿ. ‘ಚಿತ್ರ ಬರೆದರೆ ಹೊಟ್ಟೆ ತುಂಬುತ್ತಾ?’ ಎನ್ನುವ ಮನೆಯವರಿಗೆ ಆಗ ನಾವೂ ಧೈರ್ಯವಾಗಿ ಉತ್ತರಿಸಬಹುದು.