ದಾಳಕ್ಕೆ ಸಿಕ್ಕ ದೇವತೆಗಳು

ನಾಲ್ಕಾರು ಮಂದಿ ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ, ದಾಳವುರುಳಿಸುತ್ತ ಕಥೆ ಕಟ್ಟುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ 1974ರಲ್ಲಿ ಅಮೆರಿಕದಲ್ಲಿ ಹುಟ್ಟಿತು. ಅದಕ್ಕಾಗಿ 1980ರಲ್ಲಿ ಹೊರಬಂದ ‘ಡೀಟೀಸ್ ಅಂಡ್ ಡೆಮಿಗಾಡ್ಸ್’ ಎಂಬ ಪುಸ್ತಕದಲ್ಲಿ ಪ್ರಾಚೀನ ಈಜಿಪ್ಟಿನ ದೇವತೆಗಳೂ ಸೇರಿದರು. ಪ್ರತಿಯೊಬ್ಬರಿಗೂ ಪ್ರಾಣಬಲದ ಒಂದು ಅಂಕೆ, ಸ್ವಭಾವದ ಒಂದು ಮುದ್ರೆ. ಸೇತನ ಪಾಲಿಗೆ ಬಂದದ್ದು ‘ದುಷ್ಟ’ನೆಂಬ ಮುದ್ರೆ.

ಒಡಹುಟ್ಟಿದ ಒಸೈರಿಸನನ್ನು ಕೊಂದವನಿಗೆ ಅದು ಸಲ್ಲದೆಂದು ಯಾರು ಹೇಳಿಯಾರು? ಆದರೆ ಪುರಾಣ ಅಲ್ಲಿಗೆ ಮುಗಿಯುವುದಿಲ್ಲ. ಪ್ರತಿ ಇರುಳೂ ಪಾತಾಳದಲ್ಲಿ ಸಾಗುವ ಸೂರ್ಯದೇವನ ದೋಣಿಯ ಮುಂತುದಿಯಲ್ಲಿ ನಿಂತು, ಅಪೋಫಿಸ್ ಎಂಬ ಮಹಾಸರ್ಪವನ್ನು ಈಟಿಯಿಂದ ಇರಿಯುವವನೂ ಈ ಸೇತನೇ. ಭ್ರಾತೃಹಂತಕನ ತೋಳ್ಬಲವಿಲ್ಲದೆ ಲೋಕಕ್ಕೆ ಬೆಳಗಾಗದು! ಕ್ರಿಸ್ತಪೂರ್ವ 13ನೆಯ ಶತಮಾನದ ಫೇರೋ ಸೇತಿ ಅವನ ಹೆಸರನ್ನೇ ಹೊತ್ತಿದ್ದನು.

ಪುರಾಣವನ್ನು ಆಟವಾಗಿಸುವುದು ಅಪಚಾರವೆಂದು ನಾನು ಹೇಳಲಾರೆ. ಪುರಾಣ ಬಾಳುವುದೇ ಮರುಕಥನದಿಂದ. ನನ್ನ ಆಕ್ಷೇಪ ಆ ಒಂಟಿ ಮುದ್ರೆಗೆ. ಆಟ ಕಟ್ಟುವವರು ಆಟಗಾರರನ್ನು ಸೇತನೊಡನೆ ಅದೇ ದೋಣಿಯಲ್ಲಿ ಕೂರಿಸಲಿ. ಸರ್ಪ ಹೆಡೆಯೆತ್ತಿದಾಗ, ಒಸೈರಿಸನ ಭಕ್ತನೊಬ್ಬ ಆ ಕೊಲೆಗಾರನ ಕೈಗೆ ಈಟಿಯನ್ನು ಕೊಡಲೋ ಬೇಡವೋ ಎಂದು ತಡವರಿಸುವ ಗಳಿಗೆಯಲ್ಲಿ ಪುರಾಣ ಮತ್ತೆ ಉಸಿರಾಡುತ್ತದೆ.