ಕೇಕಿನ ಕೆಳಗಿನ ಮಣೆ



ಕಳೆದ ಮದುವೆಯ ಕಾಲದಲ್ಲಿ ಕುಣಿಗಲ್ ಕಡೆಯ ಒಂದು ಕಲ್ಯಾಣ ಮಂಟಪಕ್ಕೆ ಬಂಧುಗಳ ಮಗಳ ಆರತಕ್ಷತೆಗೆಂದು ಹೋಗಿದ್ದೆವು. ವೇದಿಕೆಯ ಮೇಲೆ ಮೂರಂತಸ್ತಿನ ಕೇಕು. ಅದರಡಿಯಲ್ಲಿ ಬೆಳ್ಳಿಬಣ್ಣದ ಕಾಗದ ಸುತ್ತಿದ ದಪ್ಪನೆಯ ಪೀಠ. ವಧೂವರರ ಚಾಕು ಇಳಿದದ್ದು ಕೆಳಗಿನ ಅಂತಸ್ತಿಗೆ ಮಾತ್ರ. ಮೇಲಿನ ಎರಡೂ ಕೆನೆ ಬಳಿದ ಥರ್ಮೋಕೋಲ್ ಎಂಬುದು ಆಮೇಲೆ ತಿಳಿಯಿತು. ಪೀಠವೂ ಅದರದೇ. ಮರುದಿನ ಬೆಳಿಗ್ಗೆ ಮಂಟಪದ ಹಿಂಬದಿಯಲ್ಲಿ ಎಂಜಲೆಲೆಗಳ ರಾಶಿಯ ಮೇಲೆ ಅವೆಲ್ಲ ಬಿದ್ದಿದ್ದವು. ಅಂಟಿಕೊಂಡಿದ್ದ ಕೆನೆಯ ಸಿಹಿಗೆ ಸೋತು ಹಸುವೊಂದು ಚೂರುಗಳನ್ನು ಜಗಿಯುತ್ತಿತ್ತು. ಓಡಿಸಿದೆವು, ನಾವು ಬೆನ್ನು ತಿರುಗಿಸಿದೊಡನೆ ಮತ್ತೆ ಬಂದಿತು.

ಗಣಿಗಾರಿಕೆ, ಕಾಡ್ಗಿಚ್ಚು, ಕೆರೆ ಒತ್ತುವರಿಗಳನ್ನು ಕುರಿತು ಬರೆಯುವ ಪತ್ರಿಕೆಗೆ ಕೇಕಿನ ಪೀಠವೂ ಒಂದು ವಿಷಯವೇ ಎಂದು ಕೆಲವರು ಹುಬ್ಬೇರಿಸಬಹುದು. ಆದರೆ ಗಣಿಯನ್ನು ನಿಲ್ಲಿಸಲು ನ್ಯಾಯಾಲಯದ ಮೆಟ್ಟಿಲು ಹತ್ತಬೇಕು. ಈ ಪೀಠವನ್ನು ಬದಲಿಸಲು ಮನೆಯ ಅಟ್ಟ ಹತ್ತಿದರೆ ಸಾಕು. ನಮ್ಮ ಕೈಯಳತೆಯಲ್ಲಿರುವ ಕೆಲಸವನ್ನೇ ಮಾಡದವರು ದೊಡ್ಡ ಮಾತುಗಳನ್ನಾಡುವುದು ಹೇಗೆ?

ಕೇಕು ಈ ಸೀಮೆಗೆ ನಿನ್ನೆ ಬಂದ ಅತಿಥಿಯಲ್ಲ. ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನ್ ನೆಲೆಯೂರಿದ್ದು 1830ರ ದಶಕದಲ್ಲಿ. ಕ್ರೈಸ್ತ ಕುಟುಂಬಗಳ ಮದುವೆಗಳಲ್ಲಿ ಕೇಕಿಗೆ ಗೌರವದ ಸ್ಥಾನವಿದೆ. ಈಗ ಅದು ಎಲ್ಲ ಸಮುದಾಯಗಳ ಆರತಕ್ಷತೆಗೂ ಬಂದಿದೆ. ನಮ್ಮ ತಕರಾರು ಕೇಕಿನ ಬಗ್ಗೆ ಅಲ್ಲ. ಸಂತೋಷವನ್ನು ಹಂಚಿ ತಿನ್ನುವುದರಲ್ಲಿ ತಪ್ಪೇನಿದೆ? ತಿಂದು ಮುಗಿದ ಮೇಲೆ ಉಳಿಯುವುದರ ಬಗ್ಗೆಯಷ್ಟೇ ನಮ್ಮ ಮಾತು.

ಥರ್ಮೋಕೋಲ್ ಎಂದರೆ ಗಾಳಿ ತುಂಬಿ ಉಬ್ಬಿಸಿದ ಪಾಲಿಸ್ಟೈರೀನ್. ಅದರ ಗಾತ್ರದ ಬಹುಪಾಲು ಬರಿಯ ಗಾಳಿ. ಅದರಿಂದಲೇ ಅದು ಹಗುರ, ಅದರಿಂದಲೇ ಅಗ್ಗ. ಗುಜರಿಯವನು ಅದನ್ನು ಮುಟ್ಟದಿರುವುದಕ್ಕೂ ಅದೇ ಕಾರಣ. ಗಾಡಿ ತುಂಬ ಹೇರಿದರೂ ತಕ್ಕಡಿಯಲ್ಲಿ ತೂಗುವುದು ಅತ್ಯಲ್ಪ. ಮಣ್ಣಿನಲ್ಲಿ ಕರಗದು, ಸುಟ್ಟರೆ ಕಪ್ಪು ವಿಷಹೊಗೆ. ಒಡೆದರೆ ಸಾಸಿವೆಯಂಥ ಕಾಳುಗಳಾಗಿ ಚರಂಡಿಯಿಂದ ರಾಜಕಾಲುವೆಗೆ, ಅಲ್ಲಿಂದ ಕೆರೆಗೆ ತೇಲುತ್ತದೆ. ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ ಹುಟ್ಟುವ ಶಿಂಷೆ ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯನ್ನು ತುಂಬಿಸಿ, ಮುಂದೆ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯವನ್ನು ಸೇರುತ್ತಾಳೆ. ಮೇಲಿನವರು ಎಸೆದದ್ದು ಕೆಳಗಿನವರ ಪಾಲಾಗುತ್ತದೆ ಎಂಬುದನ್ನು ಬೆಟ್ಟದವರಾದ ನಮಗೆ ಬೇರೆಯವರು ಹೇಳಿಕೊಡಬೇಕಿಲ್ಲ. ಇನ್ನು ತುಮಕೂರು ನಗರದ ಕಸದ ಭಾರವನ್ನು ಹೊತ್ತ ಅಜ್ಜಗೊಂಡನಹಳ್ಳಿಯ ಜನ ಎಷ್ಟು ಬಾರಿ ಪ್ರತಿಭಟಿಸಿದ್ದಾರೆಂಬುದು ನಗರದವರಿಗೆ ಗೊತ್ತೇ ಇದೆ.

ಕಾನೂನು ಇಲ್ಲವೇ? ಇದೆ. 2016ರ ಮಾರ್ಚಿಯಲ್ಲಿ ಕರ್ನಾಟಕ ಸರ್ಕಾರ ಥರ್ಮೋಕೋಲಿನ ತಟ್ಟೆ ಲೋಟಗಳನ್ನೂ ಸೇರಿಸಿ ಪ್ಲಾಸ್ಟಿಕ್ ವಸ್ತುಗಳನ್ನು ನಿಷೇಧಿಸಿತು. 2021ರ ಆಗಸ್ಟಿನಲ್ಲಿ ಪ್ರಕಟವಾದ ಕೇಂದ್ರದ ನಿಯಮಗಳು ಅಲಂಕಾರಕ್ಕೆ ಬಳಸುವ ಥರ್ಮೋಕೋಲಿನ ತಯಾರಿಕೆ, ದಾಸ್ತಾನು, ಮಾರಾಟ, ಬಳಕೆಗಳನ್ನು 2022ರ ಜುಲೈ 1ರಿಂದ ದೇಶದಾದ್ಯಂತ ನಿಲ್ಲಿಸಬೇಕೆಂದವು. ಆದರೂ ಅದು ಮಂಟಪಗಳಲ್ಲಿ ನಗುತ್ತಾ ನಿಂತಿದೆ. ಬೇಕರಿಯವರನ್ನೋ ಅಲಂಕಾರದವರನ್ನೋ ದೂರಿ ಕೈತೊಳೆದುಕೊಳ್ಳುವುದು ಸುಲಭ. ಅವರು ಕೊಡುವುದು ನಾವು ಕೇಳಿದ್ದನ್ನು. ಕಡಿಮೆ ಹಣದಲ್ಲಿ ಹೆಚ್ಚು ಎತ್ತರ ಕಾಣಬೇಕು ಎಂಬುದು ನಮ್ಮದೇ ಬೇಡಿಕೆಯಲ್ಲವೇ?

ಹಾಗಾದರೆ ಅಗ್ಗವೂ ಅಂದವೂ ಆದ ಪೀಠ ಯಾವುದು? ಅದು ನಮ್ಮ ಮನೆಯಲ್ಲೇ ಇದೆ. ಮದುವೆಯಾಗುವುದಕ್ಕೆ ಕನ್ನಡದಲ್ಲಿ ‘ಹಸೆಮಣೆ ಏರುವುದು’ ಎನ್ನುತ್ತೇವೆ. ಮದುಮಕ್ಕಳನ್ನು ಹೊರುವ ಮಣೆ ಐದಾರು ಕಿಲೋ ಕೇಕನ್ನು ಹೊರಲಾರದೇ? ಕೂರುವ ಮಣೆಯ ಮೇಲೆ ತಿನಿಸನ್ನಿಡಲು ಹಿರಿಯರು ಒಪ್ಪದಿದ್ದರೆ ಅದು ನ್ಯಾಯವೇ. ಇದಕ್ಕೆಂದೇ ಬೇರೆ ಮಣೆ ಮಾಡಿಸಿರಿ. ಬಡಗಿಯ ಬಳಿ ಹಲಸಿನ ಹಲಗೆಯ ತುಂಡುಗಳು ಉಳಿದಿರುತ್ತವೆ. ಕೇಕಿನ ಸುತ್ತಲೂ ಎರಡು ಅಂಗುಲ ಜಾಗ ಬಿಡುವಷ್ಟು ಅಗಲ, ಒಂದು ಅಂಗುಲ ದಪ್ಪ, ಅಡಿಯಲ್ಲಿ ಎರಡು ಕಾಲುಪಟ್ಟಿ, ಇಷ್ಟಿದ್ದರೆ ಸಾಕು.

ಎತ್ತರ ಬೇಕೆಂದರೆ ಕಾಲುಪಟ್ಟಿಯ ಬದಲು ತೆಂಗಿನ ಚಿಪ್ಪನ್ನು ಬಳಸಬಹುದು. ತೆಂಗಿನ ಈ ಸೀಮೆಯಲ್ಲಿ ಚಿಪ್ಪಿಗೆ ಬರವಿಲ್ಲ. ಕಣ್ಣಿಲ್ಲದ ಭಾಗದ ನಾಲ್ಕು ಹೋಳುಗಳನ್ನು ಆರಿಸಿ, ಅಂಚನ್ನು ಕಲ್ಲಿನ ಮೇಲೆ ಉಜ್ಜಿ ಒಂದೇ ಎತ್ತರಕ್ಕೆ ತನ್ನಿರಿ. ಬಾಯಿ ಕೆಳಗಾಗಿ, ಬೆನ್ನು ಹಲಗೆಗೆ ತಾಗುವಂತೆ ನಾಲ್ಕು ಮೂಲೆಗಳಲ್ಲಿಟ್ಟು, ಒಳಗಿನಿಂದ ತಿರುಪು ಬಿಗಿಯಿರಿ. ಕೇಕು ಬರುವ ಹಿಂದಿನ ರಾತ್ರಿ ಅದರ ಮೇಲೆ ಹತ್ತು ಕಿಲೋ ಅಕ್ಕಿಯ ಚೀಲವನ್ನಿಟ್ಟು ನೋಡಿರಿ. ಬೆಳಿಗ್ಗೆ ಅಲುಗಾಡದೆ ನಿಂತಿದ್ದರೆ ನಿಶ್ಚಿಂತೆಯಿಂದ ಬಳಸಬಹುದು.

ಹಲಗೆಗೆ ವಾರ್ನಿಷ್ ಬಳಿಯಬೇಡಿರಿ. ಹಸಿ ವಾರ್ನಿಷಿನ ವಾಸನೆಯನ್ನು ಕೆನೆ ಹೀರಿಕೊಳ್ಳುತ್ತದೆ. ಮೇಲುಹೊದಿಕೆಗೆ ತೋಟದಲ್ಲಿ ಉದುರಿದ ಅಡಿಕೆ ಹಾಳೆ ಚೆನ್ನ. ಚೆನ್ನಾಗಿ ತೊಳೆದು, ನೀರಿನಲ್ಲಿ ನೆನೆಸಿ ಮೆತ್ತಗಾದ ಮೇಲೆ, ಭಾರವಿಟ್ಟು ಚಪ್ಪಟೆಯಾಗಿ ಒಣಗಿಸಬೇಕು. ತೇವ ಉಳಿದರೆ ಬೂಸಲು ಹಿಡಿದೀತು. ಅದಿಲ್ಲದಿದ್ದರೆ ತೊಳೆದು ಒರೆಸಿದ ಬಾಳೆಲೆ ಆದೀತು. ಪಕ್ಕಗಳಿಗೆ ಅಜ್ಜಿಯ ಹಳೆಯ ಸೀರೆಯ ಜರಿ ಅಂಚನ್ನು ಸುತ್ತಿದರೆ ಅದಕ್ಕಿಂತ ಬೇರೆ ಬೆಳ್ಳಿಕಾಗದ ಬೇಕೇ? ಸುತ್ತ ಮಲ್ಲಿಗೆ, ಕನಕಾಂಬರದ ದಂಡೆಯಿರಲಿ. ಆದರೆ ಮಾರುಕಟ್ಟೆಯ ಹೂವಿಗೆ ಔಷಧಿ ಹೊಡೆದಿರಬಹುದಾದ್ದರಿಂದ ಅದು ಕೇಕಿಗೆ ತಾಗದಿರಲಿ. ಕಣಗಿಲೆ ವಿಷಗಿಡ, ಅದರ ಹೂವಂತೂ ಬೇಡವೇ ಬೇಡ. ಸಾಗರ, ಸೊರಬ ಕಡೆಯ ದೀವರು ಮದುವೆಯ ಮನೆಯ ಗೋಡೆಗೆ ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನಿಂದ ಹಸೆ ಚಿತ್ತಾರ ಬರೆಯುತ್ತಾರೆ. ಮಣೆಯ ಅಂಚಿಗೂ ಅಂಥದೊಂದು ಅಕ್ಕಿಹಿಟ್ಟಿನ ಎಳೆಯನ್ನು ಮನೆಯ ಹೆಣ್ಣುಮಕ್ಕಳು ಬರೆದರೆ ಯಾವ ಅಂಗಡಿಯಲ್ಲೂ ಸಿಗದ ಚೆಲುವು ಅದಕ್ಕೆ ಬರುತ್ತದೆ.

ಮೂರಂತಸ್ತಿನ ಘನತೆಯ ಮಾತು ಉಳಿಯಿತು. ಸುಳ್ಳು ಅಂತಸ್ತುಗಳ ಬದಲು ಮೂರು ಚಿಕ್ಕ ಕೇಕುಗಳನ್ನು ಮೂರು ಎತ್ತರದ ಮಣೆಗಳ ಮೇಲೆ ಮೆಟ್ಟಿಲಿನಂತೆ ಜೋಡಿಸಿರಿ. ನಡುವಿನದನ್ನು ಎತ್ತರಿಸಲು ತಳ ಸಮತಟ್ಟಾದ ಅಗಲಬಾಯಿಯ ಹಿತ್ತಾಳೆ ಪಾತ್ರೆಯನ್ನು ಬೋರಲಾಗಿಟ್ಟರಾಯಿತು. ಕಣ್ಣಿಗೆ ಕಾಣುವುದೆಲ್ಲ ಬಾಯಿಗೂ ಸಿಗುತ್ತದೆ.

1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿ, ವೀರಣ್ಣನವರ ಕಾಲದಲ್ಲಿ ನಾಡಿಗೆಲ್ಲ ಹೆಸರಾದ ನಾಟಕ ಕಂಪನಿಯನ್ನು ಇಲ್ಲಿ ನೆನೆಯಬೇಕು. ಕಂಪನಿ ನಾಟಕದ ಪರದೆ, ಕಿರೀಟ, ಸಿಂಹಾಸನಗಳು ಆಟ ಮುಗಿದ ಮೇಲೆ ಪೆಟ್ಟಿಗೆ ಸೇರಿ ಮುಂದಿನ ಊರಿಗೆ ಹೊರಡುತ್ತಿದ್ದವು. ವೈಭವಕ್ಕೆ ಕೊರತೆಯಿರಲಿಲ್ಲ, ಎಸೆಯುವುದೂ ಇರಲಿಲ್ಲ. ಊರಿನ ಮದುವೆಗಳಿಗೆಂದು ದೇವಸ್ಥಾನದಲ್ಲಿ ಕೊಪ್ಪರಿಗೆ, ಜಮಖಾನಗಳನ್ನಿಟ್ಟು ಎಲ್ಲರಿಗೂ ಕೊಡುತ್ತಿದ್ದ ನಮ್ಮ ಹಿರಿಯರದೂ ಇದೇ ಬುದ್ಧಿ. ಇಂದು ತುಮಕೂರು, ಗುಬ್ಬಿ, ಕುಣಿಗಲ್‌ಗಳ ಮಹಿಳಾ ಸಂಘಗಳು, ಚರ್ಚಿನ ಸಂಘಗಳು, ಯುವಕ ಮಂಡಲಗಳು ಮೂರು ಮೂರು ಮಣೆಗಳ ಒಂದೊಂದು ಜೊತೆ ಮಾಡಿಸಿಟ್ಟು, ಕೇಳಿದ ಮನೆಗೆ ಕೊಟ್ಟು, ತೊಳೆದು ಹಿಂದಿರುಗಿಸಿಕೊಳ್ಳಲಿ. ಒಂದು ಮಣೆಯ ಬೆಲೆ ಹತ್ತಾರು ಮದುವೆಗಳಿಗೆ ಹಂಚಿದರೆ ಪ್ರತಿ ಮನೆಗೆ ಬೀಳುವ ಖರ್ಚು ಕೆಲವು ಮೊಳ ಹೂವಿನಷ್ಟು.

ಇದರಿಂದ ಶಿಂಷೆ ಶುದ್ಧಳಾಗಿಬಿಡುತ್ತಾಳೆ ಎಂಬ ಭ್ರಮೆ ನಮಗಿಲ್ಲ. ಆದರೆ ಆ ಮಂಟಪದ ಹಿಂದೆ ಮರುದಿನ ಬೆಳಿಗ್ಗೆ ಬರುವ ಹಸುವಿಗೆ ಬಾಳೆಲೆಯಷ್ಟೇ ಸಿಗುತ್ತದೆ. ಮುಂದಿನ ಮದುವೆಯ ಕೇಕಿಗೆ ಮುಂಗಡ ಕೊಡುವಾಗ ಬೇಕರಿಯವರಿಗೆ ಒಂದು ಮಾತು ಹೇಳಿರಿ: “ಪೀಠ ಬೇಡ, ಮಣೆ ನಾವೇ ತರುತ್ತೇವೆ.”

– ಸಂಪಾದಕ ಬಳಗ