ಹಗ್ಗ ಎಳೆದದ್ದು ದೆವ್ವವಲ್ಲ

'ದಿ ಎಕ್ಸಾರ್ಸಿಸ್ಟ್' ಶಾಪಗ್ರಸ್ತ ಚಿತ್ರ ಎನ್ನುವವರ ಜೊತೆ ನನಗೆ ಜಗಳವಿದೆ. ಸಿನಿಮಾ ಕುರಿತ ವಿಚಾರ ಸಂಕಿರಣಗಳಲ್ಲೂ ಚಹಾ ವಿರಾಮದ ಹೊತ್ತಿಗೆ ಈ ಮಾತು ತಪ್ಪದೆ ಬರುತ್ತದೆ. ಸೆಟ್ಟಿಗೆ ಬೆಂಕಿ ಬಿತ್ತಂತೆ, ನಟ ಜ್ಯಾಕ್ ಮ್ಯಾಕ್‌ಗೌರನ್ ಬಿಡುಗಡೆಗೆ ಮೊದಲೇ ಸತ್ತರಂತೆ, ನಾಯಕಿಯ ಬೆನ್ನಿಗೆ ಪೆಟ್ಟಾಯಿತಂತೆ. ಬೆಂಕಿ ಬಿದ್ದದ್ದು ನಿಜ, ಸಾವೂ ನಿಜ. ಆದರೆ ಬೆನ್ನಿನ ವಿಷಯಕ್ಕೆ ದೆವ್ವ ಬೇಕಿಲ್ಲ, ಹಗ್ಗ ಸಾಕು.

ದೆವ್ವ ಹಿಡಿದ ಮಗಳು ತಾಯಿಯನ್ನು ಹೊಡೆದು ಬೀಳಿಸುವ ದೃಶ್ಯ. ತಾಯಿಯ ಪಾತ್ರದ ಎಲೆನ್ ಬರ್ಸ್ಟಿನ್ ಸೊಂಟಕ್ಕೆ ಪಟ್ಟಿ ಕಟ್ಟಿ, ಹಿಂದಿನಿಂದ ಒಬ್ಬ ಎಳೆಯಬೇಕು. ತೀರಾ ಜೋರಾಗಿ ಎಳೆಯುತ್ತಿದ್ದಾನೆ ಎಂದು ಆಕೆ ನಿರ್ದೇಶಕ ವಿಲಿಯಂ ಫ್ರೀಡ್ಕಿನ್‌ಗೆ ಹೇಳಿದ್ದರು. ಮುಂದಿನ ಟೇಕಿನಲ್ಲಿ ಆಕೆ ನೆಲಕ್ಕೆ ಅಪ್ಪಳಿಸಿದರು. ಬೆನ್ನುಮೂಳೆಯ ಬುಡಕ್ಕೆ ಪೆಟ್ಟಾಯಿತು. ತೆರೆಯ ಮೇಲೆ ನಾವು ಕೇಳುವ ಆ ಚೀರಾಟ ನಟನೆಯಲ್ಲ. ಹದಿಮೂರರ ಲಿಂಡಾ ಬ್ಲೇರ್ ಬರೀ ರಾತ್ರಿಯುಡುಪಿನಲ್ಲಿ, ಯಂತ್ರ ಹಾಕಿ ಮಂಜುಗಡ್ಡೆಯಷ್ಟು ತಣ್ಣಗಾಗಿಸಿದ ಕೋಣೆಯಲ್ಲಿ ಮಲಗಿದ್ದಳು. ಉಸಿರು ಹಬೆಯಾಗಿ ಕ್ಯಾಮೆರಾಕ್ಕೆ ಕಾಣಬೇಕಲ್ಲ! ನಟರನ್ನು ಬೆಚ್ಚಿಬೀಳಿಸಲು ಫ್ರೀಡ್ಕಿನ್ ಬಂದೂಕು ಹಾರಿಸುತ್ತಿದ್ದರು. ಚಿತ್ರದಲ್ಲಿ ಪಾದ್ರಿಯಾಗಿದ್ದ, ನಿಜಜೀವನದಲ್ಲೂ ಪಾದ್ರಿಯೇ ಆಗಿದ್ದ ವಿಲಿಯಂ ಓ'ಮ್ಯಾಲಿಯ ಕೆನ್ನೆಗೆ ಬಾರಿಸಿ ಕ್ಯಾಮೆರಾ ಓಡಿಸಿದರು. ಇಷ್ಟಕ್ಕೂ 'ಶಾಪ' ಎಂದು ಹೆಸರಿಟ್ಟರೆ ನಿರ್ದೇಶಕರಿಗೆ ಎಷ್ಟು ಅನುಕೂಲ ನೋಡಿ.

ಕಲೆಗಾಗಿ ಇಷ್ಟು ಸಹಿಸಬಾರದೇ ಎಂದು ಗೆಳೆಯರು ಕೇಳುತ್ತಾರೆ. ಸಹಿಸಿದವರು ಯಾರು, ಸಹಿಸಿ ಎಂದವರು ಯಾರು?

ದೆವ್ವ ತಪ್ಪನ್ನು ಹೊರುವುದಷ್ಟೇ ಅಲ್ಲ, ದುಡಿಮೆಯನ್ನೂ ನುಂಗುತ್ತದೆ. ಆ ಹುಡುಗಿಯ ಬಾಯಿಂದ ಬರುವ ಗೊಗ್ಗರು ದನಿ ಮರ್ಸಿಡಿಸ್ ಮೆಕೇಂಬ್ರಿಜ್ ಅವರದು. ಅದಾಗಲೇ ಆಸ್ಕರ್ ಗೆದ್ದಿದ್ದ ನಟಿ. ಹಸಿ ಮೊಟ್ಟೆ ನುಂಗಿ, ಸಿಗರೇಟು ಸೇದಿ, ಕುರ್ಚಿಗೆ ಕಟ್ಟಿಸಿಕೊಂಡು ಆ ದನಿ ಹೊರಡಿಸಿದರು. 1973ರ ಡಿಸೆಂಬರಿನಲ್ಲಿ ಚಿತ್ರ ತೆರೆಗೆ ಬಂದಾಗ ಕಲಾವಿದರ ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಜಗಳವಾಡಿ ಹಾಕಿಸಿಕೊಳ್ಳಬೇಕಾಯಿತು. ಬ್ಲೇರ್‌ಳ ಮುಖವನ್ನು ಕೊಳೆಯಿಸಿದ, ನಲವತ್ತು ದಾಟಿದ್ದಷ್ಟೇ ಆದ ಮ್ಯಾಕ್ಸ್ ವಾನ್ ಸಿಡೋವ್‌ರನ್ನು ಹಣ್ಣು ಮುದುಕನಾಗಿಸಿದ ಡಿಕ್ ಸ್ಮಿತ್‌ಗೆ ಆಸ್ಕರ್ ಸ್ಪರ್ಧೆಯೇ ಇರಲಿಲ್ಲ. ಮೇಕಪ್ಪಿಗೆ ಆಗಿನ್ನೂ ಪ್ರತಿವರ್ಷದ ವಿಭಾಗವಿರಲಿಲ್ಲ.

ಹಾಲಿವುಡ್ಡನ್ನು ಬೈದು ನಾವು ಪಾರಾಗುವಂತಿಲ್ಲ. 1993ರ ಮಲಯಾಳಂ 'ಮಣಿಚಿತ್ರತಾಳು' ಚಿತ್ರದಲ್ಲಿ ಶೋಭನಾ ಅವರ ನಾಗವಲ್ಲಿಗೆ ದನಿ ಕೊಟ್ಟವರು ಡಬ್ಬಿಂಗ್ ಕಲಾವಿದೆ ದುರ್ಗಾ. ಎರಡು ದಶಕ ಆ ದನಿಯನ್ನು ಭಾಗ್ಯಲಕ್ಷ್ಮಿಯವರದೆಂದೇ ಜನ ನಂಬಿದ್ದರು. 2016ರಲ್ಲಿ ನಿರ್ದೇಶಕ ಫಾಝಿಲ್ ಬರೆದ ಮೇಲೆ ಗೊತ್ತಾಯಿತು. ಆ ಚಿತ್ರದ ಕನ್ನಡ ರೂಪವೇ 'ಆಪ್ತಮಿತ್ರ'. ಅದರಲ್ಲಿ ನಾಗವಲ್ಲಿ ಆವರಿಸಿಕೊಂಡ ಗಂಗಾ ಆಗಿದ್ದ ಸೌಂದರ್ಯ, ಚಿತ್ರ ಬಿಡುಗಡೆಯಾಗುವ ಮುಂಚೆಯೇ, 2004ರ ಏಪ್ರಿಲ್ 17ರಂದು, ಬೆಂಗಳೂರಿನ ಜಕ್ಕೂರಿನಿಂದ ಮೇಲೆದ್ದ ಪುಟ್ಟ ವಿಮಾನ ಬಿದ್ದು ತೀರಿಕೊಂಡರು. ನಾಗವಲ್ಲಿ ಕಾಡಿದಳು ಎಂದು ಈಗಲೂ ಹೇಳುತ್ತಾರೆ, ಅದೂ ಓದಿದವರು. ಅದೇ ವಿಮಾನದಲ್ಲಿ ಸೌಂದರ್ಯ ಅವರ ಸಹೋದರ, ಪೈಲಟ್ ಸೇರಿ ಇನ್ನೂ ಮೂವರು ಸತ್ತರು. ಪೈಲಟ್ಟಿಗೂ ನಾಗವಲ್ಲಿಗೂ ಏನು ಹಗೆಯಿತ್ತು?